ಬಾತುಕೋಳಿ ತೆಗೆದವರು ಯಾರು?

ಹುಬ್ಬಳ್ಳಿಯ ಬೈರಿದೇವರಕೊಪ್ಪದ ಶಶಿಕುಮಾರ ಆ ಶನಿವಾರ ಪೇಟೆಗೆ ಹೋದದ್ದು ಬುದ್ಧನ ಫೋಟೋಕ್ಕೆ ಕಟ್ಟು ಹಾಕಿಸಿಕೊಂಡು ಬರಲು. ಬಂದದ್ದು ಏಳು ಬಾತುಕೋಳಿಗಳೊಂದಿಗೆ. ಬುದ್ಧನ ಫೋಟೋವನ್ನು ಅಂಗಡಿಯಲ್ಲೇ ಮರೆತು ಬಂದಿದ್ದ.

ಇದರಲ್ಲಿ ಅವನ ತಪ್ಪು ಅಷ್ಟೇನಿಲ್ಲ. ಕಟ್ಟಿನ ಅಂಗಡಿಯ ಗೋಡೆಗೆ ಒರಗಿಸಿಟ್ಟಿದ್ದ ಆ ಚಿತ್ರ ಯಾರನ್ನಾದರೂ ನಿಲ್ಲಿಸುವಂತಿತ್ತು. ಒಂದು ಕೆರೆ, ಅಂಚಿನಲ್ಲಿ ಜೊಂಡು, ಬೆಳಗಿನ ಹೊತ್ತು. ಏಳು ಬಾತುಕೋಳಿಗಳು ಒಮ್ಮೆಲೇ ನೀರಿನಿಂದ ಮೇಲೇಳುತ್ತಿವೆ. ಮೊದಲನೆಯದು ಆಗಲೇ ಆಕಾಶ ಸೇರಿದೆ. ಕೊನೆಯದರ ಕಾಲು ಇನ್ನೂ ನೀರಿನಲ್ಲಿದೆ. ನಡುವಿನವುಗಳ ಹೊಟ್ಟೆಯಿಂದ ಹನಿ ಉದುರುತ್ತಿವೆ. ಶಶಿಕುಮಾರ ಹನಿ ಅಂಗಿಯ ಮೇಲೆ ಬಿದ್ದೀತೆಂದು ಒಂದು ಹೆಜ್ಜೆ ಹಿಂದಕ್ಕೆ ಸರಿದ. ಅದನ್ನು ಕಂಡ ಅಂಗಡಿಯವನಿಗೆ ಈ ಗಿರಾಕಿ ಬರಿಗೈಲಿ ಹೋಗುವುದಿಲ್ಲವೆಂದು ಖಾತ್ರಿಯಾಯಿತು.

"ಬೊಂಬಾಯಿ ಮಾಲು ಸರ," ಎಂದ.

"ಸ್ಕೂಟರ್ ಮ್ಯಾಲೆ ಒಯ್ಯಬೇಕು. ಗಟ್ಟಿ ಕಟ್ರಿ," ಎಂದ ಶಶಿಕುಮಾರ.

ಅಂಗಡಿಯವನು ಗಟ್ಟಿಯಾಗಿಯೇ ಕಟ್ಟಿದ. ಮೊದಲು ಥರ್ಮಾಕೋಲು, ಅದರ ಮೇಲೆ ರಟ್ಟು, ಅದರ ಸುತ್ತ ಕಟ್ಟಿಗೆಯ ಪಟ್ಟಿ, ಪಟ್ಟಿಗೆ ಮೊಳೆ, ಮೊಳೆ ಸಾಲದೆಂದು ಸ್ಕ್ರೂ. ಭಾನುವಾರ ಬೆಳಿಗ್ಗೆ ಆ ಪೆಟ್ಟಿಗೆಯನ್ನು ಬಿಚ್ಚುವಷ್ಟರಲ್ಲಿ ಶಶಿಕುಮಾರನ ಎಡಗೈ ಹೆಬ್ಬೆರಳಿಗೆ ಬಟ್ಟೆಯ ಪಟ್ಟಿ ಬಂತು, ಬೆನ್ನು ಹಿಡಿಯಿತು.

ಚಿತ್ರ ಗೋಡೆಗೆ ಏರಿತು. ತಾಯಿ ಅಕ್ಕವ್ವ ಅದನ್ನು ಬಹಳ ಹೊತ್ತು ನೋಡಿದಳು.

"ಯಾರರ ಹಾರಿ ಹೋಗೂವು ಮನ್ಯಾಗ ಹಾಕ್ತಾರೇನೋ ಶಶ್ಯಾ? ಕೂತದ್ದು ಒಂದೂ ಸಿಗಲಿಲ್ಲೇನು?"

ಹೆಂಡತಿ ಜಯಮಾಲಾ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಬುದ್ಧ ಎಲ್ಲಿ?"

ಉತ್ತರ ಹೊಳೆಯುವ ಮೊದಲೇ ಹೊರಗೆ ಕಾರು ನಿಂತ ಸದ್ದಾಯಿತು. ಶಶಿಕುಮಾರನ ಕಚೇರಿಯ ಮೇಲಧಿಕಾರಿ ಬಾಳಕೃಷ್ಣ ಅವರು ಹೊಸ ಮನೆ ನೋಡಲು ಬಂದಿದ್ದರು. ಧಾರವಾಡದವರು, ಸಂಗೀತ, ಸಾಹಿತ್ಯ, ಚಿತ್ರ ಎಲ್ಲದರಲ್ಲೂ ಅಭಿರುಚಿ ಇದ್ದವರು, ಯಾವುದನ್ನೂ ಸ್ವತಃ ಮಾಡುವ ಗೋಜಿಗೆ ಹೋಗದವರು. ಒಳಗೆ ಬಂದವರೇ ಚಿತ್ರದ ಮುಂದೆ ನಿಂತುಬಿಟ್ಟರು.

"ಆಹಾ! ಯಾರು ತಗದದ್ದರಿ ಇದನ್ನ?"

ಶಶಿಕುಮಾರನ ತಲೆಯಲ್ಲಿ ಆಗ ಇದ್ದದ್ದು ಮೊಳೆ ಮಾತ್ರ.

"ನಾನಽ ತಗದೇನ್ರಿ ಸರ."

"ನೀವು?"

"ಹೌದ್ರಿ. ಅಂಗಡಿಯವ ಆಳು ಕಳಸ್ತೇನಿ ಅಂದಿದ್ದ. ನಾನಽ ಬ್ಯಾಡ ಅಂದೆ. ಇಷ್ಟಕ್ಕ ಮಂದಿ ಯಾಕ್ರಿ?"

ಬಾಳಕೃಷ್ಣರು ಅವನನ್ನೂ ಚಿತ್ರವನ್ನೂ ಮತ್ತೆ ಮತ್ತೆ ನೋಡಿದರು. "ಎಷ್ಟು ದಿನಾ ಹಿಡೀತು?"

"ದಿನಾ ಎಲ್ಲೀದ್ರಿ ಸರ! ಮುಕ್ಕಾಲು ತಾಸು. ಅದೂ ನಡುವ ಚಾ ಕುಡಿಯಾಕ ಎದ್ದೆ."

"ಮುಕ್ಕಾಲು ತಾಸು! ಯಾತರಲೆ ತಗದ್ರಿ?"

"ಸ್ಕ್ರೂಡ್ರೈವರಲೆ. ಬಗ್ಗಲಿಲ್ಲ ಅಂದಲ್ಲಿ ಸುತ್ತಿಗೀಲೆ ಒಂದೆರಡು ಏಟು."

ಬಾಳಕೃಷ್ಣರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ವಿದೇಶಗಳಲ್ಲಿ ಕಲಾವಿದರು ಚಾಕುವಿನಿಂದ ಬಣ್ಣ ಹಚ್ಚುತ್ತಾರೆಂದು ಅವರು ಎಲ್ಲೋ ಓದಿದ್ದರು. ಹುಬ್ಬಳ್ಳಿ ಒಂದು ಹೆಜ್ಜೆ ಮುಂದೆ ಹೋಗಿತ್ತು.

"ಈ ಮೂಲ್ಯಾಗಿನ ಹನಿ ನೋಡ್ರಿ, ಎಷ್ಟು ನಾಜೂಕು!"

"ಆ ಮೂಲ್ಯಾಗಽ ಭಾಳ ತ್ರಾಸಾತ್ರಿ ಸರ. ಜರಾ ಕೈ ತಪ್ಪಿದ್ರ ಹರದಽ ಹೋಗ್ತಿತ್ತು. ಬೆರಳ ನೋಡ್ರಿ ಇಲ್ಲೆ."

ಬಾಳಕೃಷ್ಣರು ಆ ಪಟ್ಟಿ ಕಟ್ಟಿದ ಹೆಬ್ಬೆರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಇಷ್ಟು ವರ್ಷ ಆವಕ-ಜಾವಕ ಪತ್ರಗಳ ದಾಖಲೆಯಲ್ಲಿ ಈ ಬೆರಳನ್ನು ಸವೆಸಿದೆವಲ್ಲ ಎಂಬ ಪಶ್ಚಾತ್ತಾಪ ಅವರ ಮುಖದಲ್ಲಿತ್ತು. ಶಶಿಕುಮಾರನಿಗೆ, ಸಾಹೇಬರು ಒಂದು ಮೊಳೆಯ ಗಾಯಕ್ಕೆ ಇಷ್ಟು ಮರುಗುತ್ತಾರಲ್ಲ ಎಂದು ಕಣ್ಣು ತುಂಬಿ ಬಂತು. ಅಡುಗೆ ಮನೆಯಿಂದ ಅವಲಕ್ಕಿ ತಂದ ಜಯಮಾಲಾಗೆ ಇಬ್ಬರೂ ಕೈ ಹಿಡಿದು ನಿಂತದ್ದು ಕಂಡಿತೇ ಹೊರತು ಕಾರಣ ತಿಳಿಯಲಿಲ್ಲ.

ಸೋಮವಾರ ಕಚೇರಿಯಲ್ಲಿ ಎಲ್ಲರೂ ಎದ್ದು ನಿಂತರು. ಜವಾನ ಚಹಾವನ್ನು ಬಸಿಯ ಸಮೇತ ತಂದ. ಪಕ್ಕದ ಮೇಜಿನ ಇಕ್ಬಾಲ ಬೆನ್ನು ಚಪ್ಪರಿಸಿ, "ಹನ್ನೆರಡು ವರ್ಷ ಒಂದಽ ಫ್ಯಾನಿನ ಕೆಳಗ ಕೂತೇವಿ. ಚಿತ್ರಾ ತಗೀತೀ ಅಂತ ಒಂದು ಮಾತು ಹೇಳಲಿಲ್ಲಲ್ಲ ಶಶಿ," ಎಂದ. ಅವನ ದನಿಯಲ್ಲಿ ನೋವಿತ್ತು.

ಆಗ ಶಶಿಕುಮಾರನಿಗೆ ಹಿಂದಿನ ದಿನದ ಮಾತುಗಳೆಲ್ಲ ಒಂದೊಂದಾಗಿ ತಿರುಗಿ ಬಂದು ನಿಂತವು. ತಾನು ತೆಗೆದದ್ದು ಪೆಟ್ಟಿಗೆಯಿಂದ. ಸಾಹೇಬರು ತಿಳಿದದ್ದು ಕುಂಚದಿಂದ. ನೇರವಾಗಿ ಸಾಹೇಬರ ಕೋಣೆಗೆ ಹೋದ.

"ಸರ, ಆ ಚಿತ್ರದ್ದು ಒಂದು ಮಾತು ಹೇಳೂದಿತ್ರಿ…"

"ಮೊದಲ ನಾ ಹೇಳ್ತೀನಿ ಕೂಡ್ರಿ," ಎಂದರು ಬಾಳಕೃಷ್ಣರು. "ನಮ್ಮ ಧಾರವಾಡದ ಆಚೆ ಬೇಲೂರು ಕೈಗಾರಿಕಾ ಪ್ರದೇಶದ ಉಪಕಚೇರಿಗೆ ಒಬ್ಬರನ್ನ ಕಳಸಬೇಕಾಗೇದ. ನಿಮ್ಮ ಹೆಸರಽ ಬರದಿದ್ದೆ. ನಿನ್ನೆ ಮನಿಗೆ ಹೋಗಿ ನಿದ್ದಿ ಬರಲಿಲ್ಲ. ಇಂಥಾ ಕೈ ದಿನಾ ಎರಡು ಬಸ್ಸಿನ ಸರಳು ಹಿಡದು ಜೋತಾಡೂದಂದ್ರ ಏನು! ಹೆಸರು ಹೊಡದು ಹಾಕಿದೆ. ಈಗ ಹೇಳ್ರಿ, ಏನದು ನಿಮ್ಮ ಮಾತು?"

ಶಶಿಕುಮಾರನ ಬಾಯಲ್ಲಿ ಸತ್ಯ ಸಿದ್ಧವಾಗಿತ್ತು. ಅದನ್ನು ಅವನು ಸಾಹೇಬರು ಕೊಡಿಸಿದ ಚಹಾದೊಂದಿಗೆ ನುಂಗಿದ.

"ಆ… ಚಿತ್ರಕ್ಕ ಧೂಳ ಕೂಡಬಾರದಂದ್ರ ಏನ ಮಾಡಬೇಕ್ರಿ ಸರ, ಅಂತ."

ಮಧ್ಯಾಹ್ನ ಆದೇಶ ಬಂತು. ಬೇಲೂರಿಗೆ ಇಕ್ಬಾಲ. ಅವನ ಮನೆ ಹಳೇ ಹುಬ್ಬಳ್ಳಿಯ ಆಚೆ ತುದಿಗೆ. ಅವನಿಗೆ ಎರಡಲ್ಲ, ಮೂರು ಬಸ್ಸು. ಇಕ್ಬಾಲ ಆದೇಶ ಓದಿ, ಮಡಚಿ, ಜೇಬಿಗಿಟ್ಟುಕೊಂಡ. ಮೇಜಿನ ಖಾನೆಯಿಂದ ಸ್ಟೀಲಿನ ಡಬ್ಬಿ, ಕೊಡೆ, ಮಗಳ ಫೋಟೋ ತೆಗೆದು ಚೀಲಕ್ಕೆ ಹಾಕಿದ.

"ಬ್ಯಾಸರ ಮಾಡ್ಕೋಬ್ಯಾಡ ಶಶಿ. ನಾ ಹೋಗ್ತೇನಿ. ನೀ ಛಲೋ ಚಿತ್ರಾ ತಗಿ," ಎಂದ.

ಬೇಸರ ಮಾಡಿಕೊಳ್ಳಬೇಕಾದವನು ತಾನು ಎಂಬುದು ಇಕ್ಬಾಲನಿಗೆ ಹೊಳೆದಂತಿರಲಿಲ್ಲ. ಶಶಿಕುಮಾರ ಆ ದಿನ ಊಟದ ಡಬ್ಬಿ ಬಿಚ್ಚಲಿಲ್ಲ.

ಸಂಜೆ ಮನೆಗೆ ಬಂದರೆ ಓಣಿಯ ಅರ್ಧ ಜನ ಪಡಸಾಲೆಯಲ್ಲಿದ್ದರು. ಸಾಹೇಬರ ಡ್ರೈವರ್ ಬಂದು ಅಕ್ಕವ್ವನಿಗೆ ಸುದ್ದಿ ಹೇಳಿ ಹೋಗಿದ್ದ. ಅಕ್ಕವ್ವ ಚಿತ್ರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ಸಣ್ಣವಿದ್ದಾಗಿಂದ ಇವನ ಕೈಯಾಗ ಅದು ಐತಿ. ಸಾಲಿ ಗ್ವಾಡಿ ಮ್ಯಾಲೆಲ್ಲಾ ಇದ್ದಲೀಲೆ ಗೀಚಿ ಮಾಸ್ತರ ಕಡೆ ಬಡಿಸಿಕೊಂಡು ಬರ್ತಿದ್ದ. ಬಾತುಕೋಳಿ ಹಾರಿ ಹೊಂಟಾವ ನೋಡ್ರಿ, ಮನ್ಯಾಗಿನ ಪೀಡಾ ಎಲ್ಲಾ ಹಿಂಗಽ ಹಾರಿ ಹೋಗ್ತಾವ."

ಎಲ್ಲರೂ ಹೋದ ಮೇಲೆ ಹಿಂದಿನ ಮನೆಯ ಬೀರವ್ವ ಉಳಿದಳು. ಮುದುಕಿ ಸೆರಗಿನ ತುದಿ ತಿರುವುತ್ತ ಹತ್ತಿರ ಬಂದಳು.

"ತಮ್ಮಾ, ನಮ್ಮ ಮನಿಯವರು ಹೋಗಿ ಹದಿನೆಂಟು ವರ್ಷಾತು. ಒಂದೂ ಫೋಟೋ ಇಲ್ಲ. ನಾ ಹೇಳ್ಕೋತ ಹೋಗ್ತೇನಿ, ನೀ ತಕ್ಕೊಂತ ಬಾ. ಕಣ್ಣು ನಮ್ಮ ಸಣ್ಣ ಮಗಂದು. ಮೂಗು ನಿಮ್ಮ ಮನಿ ಹಾಲು ಹಾಕ್ತಾನಲ್ಲ, ಅವಂದು. ಮೀಸಿ ಮಾತ್ರ ಅವರದಽ, ಯಾರದೂ ಹಂಗಿಲ್ಲ."

"ನನಗ ಬರೂದಿಲ್ಲವ್ವಾ," ಎಂದ ಶಶಿಕುಮಾರ. ಆ ದಿನ ಅವನ ಬಾಯಿಂದ ಬಂದ ಮೊದಲ ಸತ್ಯ ಅದು.

ಬೀರವ್ವ ತಿರುವುತ್ತಿದ್ದ ಸೆರಗನ್ನು ಬಿಟ್ಟಳು. "ಇರಲಿ ತಗಿ. ಸಾಹೇಬರ ಪೈಕಿ ಆದ ಮ್ಯಾಲೆ ನಮ್ಮಂಥವರ ಮಾರಿ ಯಾಕ ತಗೀತಿ," ಎಂದು ಹೊರಟು ಹೋದಳು.

ಜಯಮಾಲಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಗಂಡ ಮೊಳೆಯಿಂದ ಹಿಡಿದು ಇಕ್ಬಾಲನ ಕೊಡೆಯವರೆಗೆ ಹೇಳಿದ ಮೇಲೆ, "ನಾಳೆ ಹೋಗಿ ಖರೇ ಹೇಳಿಬಿಡ್ರಿ," ಎಂದಳು.

"ಹೇಳ್ತೇನಿ."

ಮರುದಿನ ಅವನು ಹೇಳುವ ಮೊದಲೇ ಸಾಹೇಬರ ಹೆಂಡತಿ ನಿರುಪಮಾ ಅವರ ಫೋನು ಬಂತು. ಧಾರವಾಡದಲ್ಲಿ ಅವರದೊಂದು 'ವರ್ಣವೀಣಾ ಬಳಗ' ಇತ್ತು. ತಿಂಗಳಿಗೊಂದು ಕಾರ್ಯಕ್ರಮ, ಕೊನೆಗೆ ಉಪ್ಪಿಟ್ಟು.

"ಬರೂ ರವಿವಾರ ನಿಮ್ಮ ಪ್ರಾತ್ಯಕ್ಷಿಕೆ ಇಟ್ಟೇವಿ ನೋಡ್ರಿ. ನೀವು ವೇದಿಕಿ ಮ್ಯಾಲೆ ಬಾತುಕೋಳಿ ತಗೀಬೇಕು, ಹಿಂದ ಕೊಳಲು ನಡೀತದ. ನಿಮಗ ಮುಕ್ಕಾಲು ತಾಸು ಸಾಕಂತಲ್ಲ, ನಾವು ಒಂದು ತಾಸು ಇಟ್ಟೇವಿ. ಸ್ಕ್ರೂಡ್ರೈವರ್ ನೀವಽ ತರ್ತೀರೋ, ನಾವು ತರಸಬೇಕೋ?"

"ನಾನಽ… ತರ್ತೇನ್ರಿ," ಎಂದುಬಿಟ್ಟ ಶಶಿಕುಮಾರ. ಕೇಳಿದ ಪ್ರಶ್ನೆಗೆ ನೇರ ಉತ್ತರ ಕೊಡುವುದು ಅವನಿಗೆ ಇಪ್ಪತ್ತು ವರ್ಷದ ನೌಕರಿ ಕಲಿಸಿದ ಅಭ್ಯಾಸ. ಸಂಜೆಗೆ ಎಲ್ಲರ ವಾಟ್ಸಾಪಿನಲ್ಲೂ ಆಮಂತ್ರಣ ಬಂತು: ಮೇಲೆ ಸಾಹೇಬರು ಆ ಭಾನುವಾರ ಹಿಡಿದಿದ್ದ ಗೋಡೆಯ ಚಿತ್ರದ ಫೋಟೋ, ಕೆಳಗೆ 'ಸ್ಕ್ರೂಡ್ರೈವರ್ ಶೈಲಿಯ ಏಕೈಕ ಕಲಾವಿದ ಶ್ರೀ ಶಶಿಕುಮಾರ.'

ಎರಡು ದಿನ ಮನೆಯಲ್ಲಿ ಅಭ್ಯಾಸ ನಡೆಯಿತು. ಜಯಮಾಲಾ ಹಾಳೆಗಳನ್ನು ಒಂದೊಂದಾಗಿ ಎತ್ತಿ ನೋಡಿದಳು.

"ಬದನಿಕಾಯಿ ಛಲೋ ಬಂದಾವ. ಎಣ್ಣಿಗಾಯಿಗೆ ಇಂಥಾವಽ ಬೇಕು."

"ಅವು ಬಾತುಕೋಳಿ."

"ಹೌದಾ? ಇದು ತೊಟ್ಟಲ್ಲಾ?"

"ಕುತಿಗಿ."

ಕೊನೆಗೆ ಅವನು ಕಟ್ಟಿನ ಅಂಗಡಿಗೆ ಓಡಿದ. ಬುದ್ಧನ ಫೋಟೋ ತೆಗೆದುಕೊಂಡು, ಆ ಬೊಂಬಾಯಿಯ ಕಲಾವಿದನ ವಿಳಾಸ ಬೇಕೆಂದು ಗೋಗರೆದ. ಅಂಗಡಿಯವನು ಅತ್ತ ಇತ್ತ ನೋಡಿ ದನಿ ಇಳಿಸಿ, "ಬೊಂಬಾಯಿ ಅಂದ್ರಽ ಮಂದಿ ತಗೊಳ್ಳೂದ್ರಿ. ನಾಲ್ಕನೇ ಓಣ್ಯಾಗ ಹೋಗಿ ಗುಲ್ಜಾರಬಿ ಅಂತ ಕೇಳ್ರಿ," ಎಂದ.

ಗುಲ್ಜಾರಬಿ ಐವತ್ತರ ಹೆಂಗಸು. ಗಂಡನೊಂದಿಗೆ ಮೂವತ್ತು ವರ್ಷ ಅಂಗಡಿಗಳ ಬೋರ್ಡು ಬರೆದವಳು. ಫ್ಲೆಕ್ಸ್ ಬಂದು ಬೋರ್ಡು ನಿಂತವು. ಆಮೇಲೆ ಗಂಡನೂ ತೀರಿಕೊಂಡ. ಈಗ ಉಳಿದ ಬಣ್ಣಗಳಲ್ಲಿ ಹಕ್ಕಿಗಳನ್ನು ಬರೆಯುತ್ತಿದ್ದಳು. ತವರು ಮನೆ ಧಾರವಾಡದ ಬಳಿಯ ಮುಗದ ಎಂಬ ಕೆರೆಯ ಊರು.

"ಕೆರಿ ದಂಡಿ ಮ್ಯಾಲೆ ಎಮ್ಮಿ ಕಾಯಕೋತ ಬೆಳದಾಕಿ ನಾ. ಒಂದು ಮಣ್ಣಿನ ಹೆಂಟಿ ಒಗದ್ರ ಸಾಕ್ರಿ ಸರ, ಬುರ್ರಂತ ಎಲ್ಲಾ ಏಳ್ತಿದ್ದು. ಅಮ್ಮೀ ಬೈತಿದ್ಲು, ನಾ ಮತ್ತ ಒಗೀತಿದ್ದೆ. ಯಾವುದು ಮೊದಲ ಏಳತೈತಿ, ಯಾವುದು ಕಡೀಕೆ ಏಳತೈತಿ, ನೋಡಬೇಕಲ್ರಿ."

ತನಗೆ ಬಾತುಕೋಳಿ ಕಲಿಸಬೇಕು ಎಂದ ಶಶಿಕುಮಾರ. ಯಾಕೆಂದು ಮಾತ್ರ ಹೇಳಲಿಲ್ಲ. ಗುಲ್ಜಾರಬಿ ಮೂರು ಸಂಜೆ ಕಲಿಸಿದಳು. ಕೈ ಹಿಡಿದು ತಿದ್ದಿದಳು. ಮೂರನೆಯ ಸಂಜೆ ಕುಂಚ ತೊಳೆಯುತ್ತ, "ಸರ, ನೀವು ನೀರಾಗ ಕೂತದ್ದನ್ನಽ ತಗೀರಿ. ಏಳೂದು ನಿಮ್ಮ ಕೈಲೆ ಆಗೂದಿಲ್ಲ," ಎಂದು ಮರ್ಯಾದೆಯಿಂದ ಹೇಳಿದಳು.

ಭಾನುವಾರ ಧಾರವಾಡದ ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲಿ ಬಾಳಕೃಷ್ಣರು, ಎರಡನೆಯದರಲ್ಲಿ ಕಚೇರಿಯವರು, ರಜೆಯ ದಿನವೂ ಬಸ್ಸು ಬದಲಿಸಿ ಬಂದ ಇಕ್ಬಾಲ. ಅಕ್ಕವ್ವ ಓಣಿಯವರನ್ನೆಲ್ಲ ಒಂದು ಟೆಂಪೋದಲ್ಲಿ ತುಂಬಿಕೊಂಡು ಬಂದಿದ್ದಳು. ಸಿಟ್ಟಿದ್ದರೂ ಬೀರವ್ವ ಹತ್ತಿದ್ದಳು. ಜಯಮಾಲಾ ಬಾಗಿಲ ಪಕ್ಕದ ಕುರ್ಚಿ ಹಿಡಿದಿದ್ದಳು, ಓಡಬೇಕಾದರೆ ಅನುಕೂಲವೆಂದು.

ಕೊಳಲು ಶುರುವಾಯಿತು. ಶಶಿಕುಮಾರ ಸ್ಕ್ರೂಡ್ರೈವರನ್ನು ಬಣ್ಣದಲ್ಲಿ ಅದ್ದಿದ. ಮೊದಲ ಬದನೆಕಾಯಿ ಬಂತು. ಎರಡನೆಯದು ಬಂತು. ಸಭೆಯಲ್ಲಿ ಒಂದು ಕೆಮ್ಮು ಕೇಳಿತು. ಐದನೆಯದು ಜಾರಿ ಕೆಳಗಿಳಿದು ಕುಂಬಳಕಾಯಿಯಾಯಿತು. ಇನ್ನೇನು ಮುಗಿಯಿತು ಎನ್ನುವಾಗ ನಿರುಪಮಾ ಅವರು ಮೈಕ್ ಎತ್ತಿಕೊಂಡರು.

"ರಸಿಕರು ಗಮನಿಸಬೇಕು. ಕಲಾವಿದರು ಇಲ್ಲಿ ಬಾತುಕೋಳಿಯ ರೆಕ್ಕಿ, ಕಾಲು, ಕೊಕ್ಕು ಎಲ್ಲಾ ತ್ಯಾಗ ಮಾಡ್ಯಾರ. ಉಳದದ್ದು ಬರೇ ಬಾತುಕೋಳಿತನ!"

ಚಪ್ಪಾಳೆ ಬಿತ್ತು. ಬಾಳಕೃಷ್ಣರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರು ಎದ್ದರೆಂದು ಕಚೇರಿಯೂ ಎದ್ದಿತು. ಶಶಿಕುಮಾರ ಪಾರಾಗಿದ್ದ. ಬೇಲೂರು ಇಲ್ಲ, ಬಯಲಾಗುವ ಭಯವಿಲ್ಲ. ಮುಂದಿನ ತಿಂಗಳು ಬೆಳಗಾವಿಯಲ್ಲಿಯೂ ಒಂದು ಪ್ರಾತ್ಯಕ್ಷಿಕೆ ಎಂದು ಯಾರೋ ಕೂಗಿದರು.

ಎದ್ದು ನಿಂತವರ ನಡುವೆ, ಕೊನೆಯ ಸಾಲಿನಲ್ಲಿ, ಒಬ್ಬಳು ಮಾತ್ರ ಚಪ್ಪಾಳೆ ತಟ್ಟುತ್ತಿರಲಿಲ್ಲ. ಗುಲ್ಜಾರಬಿ. ಅವಳ ಕೈಯಲ್ಲಿ ಫೋನಿತ್ತು, ಅದರಲ್ಲಿ ಯಾರೋ ಆ ಬೆಳಿಗ್ಗೆ ಕಳಿಸಿದ ಆಮಂತ್ರಣವಿತ್ತು, ಆಮಂತ್ರಣದಲ್ಲಿ ಅವಳ ಏಳು ಬಾತುಕೋಳಿಗಳಿದ್ದವು. ಅವಳು ವೇದಿಕೆಯತ್ತ ಒಮ್ಮೆ ನೋಡಿ, ಫೋನನ್ನು ಚೀಲಕ್ಕೆ ಹಾಕಿ, ಬಾಗಿಲ ಕಡೆಗೆ ನಡೆದಳು.

"ಅಕ್ಕಾರ, ನಿಂದರ್ರಿ!"

ಶಶಿಕುಮಾರ ಮೈಕ್ ಕಸಿದುಕೊಂಡಿದ್ದ.

"ನಮ್ಮ ಮನ್ಯಾಗಿನ ಚಿತ್ರಾ ನಾ ತಗದದ್ದಲ್ಲ. ಅವರು ತಗದದ್ದು. ಹುಬ್ಬಳ್ಳಿ ಗುಲ್ಜಾರಬಿ ಅವರು. ನನಗ ಚಿತ್ರಾ ಬರೂದಿಲ್ಲ. ಇವು ಬದನಿಕಾಯಿ."

ಸಭೆಯಿಂದ ಮೊದಲಿಗಿಂತ ಜೋರಾಗಿ ಚಪ್ಪಾಳೆ ಬಿತ್ತು.

"ಎಂಥಾ ವಿನಯ!" ಎಂದರು ಬಾಳಕೃಷ್ಣರು.

"ವಿನಯ ಅಲ್ರಿ ಸರ!"

"ಖರೇ ಹೇಳಾಕತ್ತಾರ್ರಿ! ಮನ್ಯಾಗ ಇನ್ನೂ ನಲವತ್ತು ಬದನಿಕಾಯಿ ಅದಾವ!" ಎಂದು ಬಾಗಿಲ ಪಕ್ಕದಿಂದ ಜಯಮಾಲಾ ಕೂಗಿದಳು. ಕೂಗುತ್ತಲೇ ಗುಲ್ಜಾರಬಿಯ ಕೈ ಹಿಡಿದು ಅವಳನ್ನು ವೇದಿಕೆಯವರೆಗೆ ಕರೆತಂದಳು.

ಗುಲ್ಜಾರಬಿ ಚಿತ್ರದ ಹಲಗೆಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಚೀಲದಿಂದ ಸವೆದ ಕುಂಚವೊಂದನ್ನು ತೆಗೆದಳು. ಮೊದಲ ಬದನೆಕಾಯಿಗೆ ಎರಡು ಗೆರೆ ಎಳೆದಳು, ರೆಕ್ಕೆ ಬಿಚ್ಚಿತು. ತೊಟ್ಟನ್ನು ಒಂದಿಷ್ಟು ಮುಂದಕ್ಕೆ ಚಾಚಿದಳು, ಅದು ಕುತ್ತಿಗೆಯಾಯಿತು. ಕೆಳಗೆ ಬಿಳಿಯ ಚುಕ್ಕೆಗಳನ್ನಿಟ್ಟಳು, ನೀರು ಸಿಡಿಯಿತು. ಕೊಳಲಿನವನು ನುಡಿಸುವುದನ್ನು ಮರೆತ. ಕಾಲು ತಾಸಿನಲ್ಲಿ ನಾಲ್ಕು ಬಾತುಕೋಳಿಗಳು ಎದ್ದಿದ್ದವು. ಐದನೆಯದರ ಮುಂದೆ ಅವಳು ಬಹಳ ಹೊತ್ತು ನಿಂತಳು.

"ಇದು ಏಳೂದಿಲ್ಲ," ಎಂದು ಅದನ್ನು ದಂಡೆಯ ಕಲ್ಲು ಮಾಡಿದಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಿದರೆ ಹಾರಿಹೋದಾವು ಎಂಬಂತೆ ಎಲ್ಲರೂ ಉಸಿರು ಹಿಡಿದಿದ್ದರು. ಬೀರವ್ವ ಮಾತ್ರ ಎದ್ದು ಬಂದು ವೇದಿಕೆಯ ಕೆಳಗೆ ನಿಂತಳು. "ಯವ್ವಾ, ನಿನಗ ಮನಷ್ಯಾರ ಮಾರಿ ತಗಿಯಾಕ ಬರತೈತೇನು?" ಎಂದು ಕೇಳಿದಳು. "ಹೇಳ್ರಿ ಅಮ್ಮಾ, ನೋಡೂಣು," ಎಂದು ಗುಲ್ಜಾರಬಿ ಅಲ್ಲೇ ಮೆಟ್ಟಿಲ ಮೇಲೆ ಕೂತಳು.

ಬಾಳಕೃಷ್ಣರ ಮುಖ ಕೆಂಪಾಗಿತ್ತು. "ಶಶಿಕುಮಾರ, ನೀವಽ ನನ್ನ ಮುಂದ ನಿಂತು 'ನಾನಽ ತಗದೇನಿ' ಅಂದ್ರಿ. ಅನ್ನಲಿಲ್ಲಾ?"

"ಅಂದೆ ಸರ. ಪೆಟಿಗ್ಯಾಗಿಂದ."

ಮೊದಲು ನಕ್ಕವನು ಇಕ್ಬಾಲ. ಹೊಟ್ಟೆ ಹಿಡಿದುಕೊಂಡು, ಮುಂದಿನ ಕುರ್ಚಿಗೆ ಹಣೆ ಬಡಿಯುವಂತೆ ನಕ್ಕ. ಅವನ ನಗು ಇಡೀ ಸಭೆಗೆ ಹತ್ತಿತು. ಉಪ್ಪಿಟ್ಟು ಆರಿತು. ನಗದೆ ಉಳಿದವರು ಇಬ್ಬರೇ: ಬಾಳಕೃಷ್ಣರು, ಮತ್ತು ತನ್ನ ಮಗ ಏನೋ ಬಹುಮಾನ ಗೆದ್ದನೆಂದು ತಿಳಿದು ಕಣ್ಣೊರೆಸಿಕೊಳ್ಳುತ್ತಿದ್ದ ಅಕ್ಕವ್ವ.

ಸೋಮವಾರ ಶಶಿಕುಮಾರ ತನ್ನನ್ನು ಬೇಲೂರಿಗೆ ಕಳಿಸಬೇಕೆಂದು ತಾನೇ ಅರ್ಜಿ ಬರೆದುಕೊಂಡು ಸಾಹೇಬರ ಕೋಣೆಗೆ ಹೋದ. ಅದರ ಅಗತ್ಯವಿರಲಿಲ್ಲ, ಆದೇಶ ಆಗಲೇ ಸಿದ್ಧವಾಗಿತ್ತು. ಇಕ್ಬಾಲ ತನ್ನ ಫ್ಯಾನಿನ ಕೆಳಗೆ ಮರಳಿ ಬಂದ. ನಿರುಪಮಾ ಅವರು ಗಂಡನ ಸಿಟ್ಟಿಗೆ ಕಾಯದೆ ಗುಲ್ಜಾರಬಿಯ ಚಿತ್ರಗಳ ಪ್ರದರ್ಶನ ಗೊತ್ತು ಮಾಡಿದರು. ಶಶಿಕುಮಾರ ಗೋಡೆಯ ಮೇಲಿನ ಚಿತ್ರವನ್ನು ಇಳಿಸಿ ಕಟ್ಟು ಬಿಚ್ಚಿಸಿದ. ಅದರ ಅಂಚಿನ ಅಡಿಯಲ್ಲಿ, ಅಂಗಡಿಯವನು ಮುಚ್ಚಿಟ್ಟಿದ್ದ ಜಾಗದಲ್ಲಿ, ಸಣ್ಣ ಅಕ್ಷರಗಳಲ್ಲಿ ಅವಳ ಹೆಸರಿತ್ತು. ಅದು ಕಾಣುವಂತೆ ಹೊಸ ಕಟ್ಟು ಹಾಕಿಸಿದ.

ಆ ವಾರದಿಂದ ಅವನ ಬೇಲೂರು ಶುರುವಾಯಿತು. ಬೆಳಿಗ್ಗೆ ಧಾರವಾಡದವರೆಗೆ 'ಚಿಗರಿ' ಎಂಬ ವೇಗದ ಬಸ್ಸು, ಅಲ್ಲಿಂದ ಇನ್ನೊಂದು. ಮೊದಲ ದಿನ ಉಪಕಚೇರಿಯ ಮುಖ್ಯಸ್ಥರು ಅವನನ್ನು ಕುರ್ಚಿಯಲ್ಲಿ ಕೂರಿಸಿ ಚಹಾ ತರಿಸಿದರು.

"ನಿಮ್ಮ ಸುದ್ದಿ ಕೇಳೇನಿ ಬಿಡ್ರಿ. ವೇದಿಕಿ ಮ್ಯಾಲೆ ನಿಂತು 'ನನಗ ಏನೂ ಬರೂದಿಲ್ಲ' ಅಂದ್ರಂತ. ಹಂಗ ಅನ್ನವರು ಭಾಳ ದೊಡ್ಡವರಿರ್ತಾರ. ಬರೂ ತಿಂಗಳ ನಮ್ಮಲ್ಲಿ ರಾಜ್ಯೋತ್ಸವ ಐತಿ. ಹೇಳ್ರಿ, ಹಾಡ್ತೀರೋ, ಹಾರ್ಮೋನಿಯಂ ನುಡಸ್ತೀರೋ?"

ಶಶಿಕುಮಾರ ಚಹಾ ಮುಟ್ಟಲಿಲ್ಲ. ಎದ್ದು ಹೋಗಿ ಒಂದು ಬಿಳಿ ಹಾಳೆ ತಂದ. ತನಗೆ ಚಿತ್ರ, ಹಾಡು, ಹಾರ್ಮೋನಿಯಂ, ನಾಟಕ, ಭಾಷಣ ಇವುಗಳಲ್ಲಿ ಯಾವುದೂ ಬರುವುದಿಲ್ಲವೆಂದೂ, ಇದು ವಿನಯವಲ್ಲವೆಂದೂ ಚಿತ್ತಿಲ್ಲದ ಅಕ್ಷರದಲ್ಲಿ ಬರೆದು, ಎರಡು ಪ್ರತಿ ಮಾಡಿ, ಕೆಳಗೆ ಸಹಿ ಹಾಕಿದ. ಒಂದನ್ನು ಮುಖ್ಯಸ್ಥರ ಮೇಜಿನ ಮೇಲಿಟ್ಟ. ಇನ್ನೊಂದಕ್ಕೆ ಆವಕ ವಿಭಾಗದಲ್ಲಿ 'ಸ್ವೀಕರಿಸಲಾಗಿದೆ' ಎಂಬ ಮುದ್ರೆ ಒತ್ತಿಸಿಕೊಂಡು, ಮಡಚಿ ಅಂಗಿಯ ಜೇಬಿಗಿಟ್ಟುಕೊಂಡು, ತನ್ನ ಕುರ್ಚಿಗೆ ಹೋಗಿ ಕೂತ.